ಹದ ನೋಡಿ ಕಾಲಿಡಿ
ನಮ್ಮನೆ ಅಂಗಳ



ಈ ತಿಂಗಳ ಬರಹವನ್ನು ಒಂದು ತಪ್ಪೊಪ್ಪಿಗೆಯಿಂದಲೇ ಆರಂಭಿಸಬೇಕಾಗಿದೆ. ಕಳೆದ ವರ್ಷ ಇದೇ ಅಂಕಣದಲ್ಲಿ ಹುಲ್ಲುಹಾಸಿನ ವಿಚಾರ ಬರೆಯುವಾಗ, ಮಣ್ಣು ಗಟ್ಟಿಯಾಗಿದ್ದರೆ ಒಂದಿಷ್ಟು ಮರಳು ಬೆರೆಸಿ, ಸಡಿಲವಾಗುತ್ತದೆ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗಿದ್ದೆ. ನಾನು ಹುಟ್ಟಿ ಬೆಳೆದದ್ದು ಕೆಂಪು ಮಣ್ಣಿನ ಊರಿನಲ್ಲಿ. ಎಲ್ಲರ ಅಂಗಳವೂ ನಮ್ಮ ಅಂಗಳದಂತೆಯೇ ಇರುತ್ತದೆ ಎಂದುಕೊಂಡು ಬರೆದುಬಿಟ್ಟೆ.

ಆ ಒಂದು ಸಾಲನ್ನು ನಂಬಿ, ತಮಿಳುನಾಡಿನ ತಿರುಪ್ಪೂರು ಜಿಲ್ಲೆಯ ಪಲ್ಲಡಂ ಬಳಿ ಇರುವ ನಮ್ಮ ಓದುಗರ ಕುಟುಂಬವೊಂದು ದುಡ್ಡು ಕೊಟ್ಟು ಅರ್ಧ ಟ್ರ್ಯಾಕ್ಟರ್ ಮರಳು ಹೊಯ್ಸಿದೆ. ಆಗಸ್ಟ್ ತಿಂಗಳಲ್ಲಿ ಆ ಮನೆಯ ತಾಯಿಯಿಂದ ನನಗೆ ಪತ್ರ ಬಂತು. ಬೈಗುಳ ಇರಲಿಲ್ಲ. ಇದ್ದಿದ್ದರೆ ಮನಸ್ಸಿಗೆ ಹಗುರವಾಗುತ್ತಿತ್ತು. "ಅಕ್ಕಾ, ನೀವು ಹೇಳಿದ ಹಾಗೆ ಮಾಡಿದೆವು. ಈಗ ಅಂಗಳ ಸುಟ್ಟ ಇಟ್ಟಿಗೆಯಂತಾಗಿದೆ, ಗುದ್ದಲಿ ಇಳಿಯುವುದಿಲ್ಲ. ಯಾವುದರಲ್ಲಿ ತಪ್ಪಿದೆವು ತಿಳಿಸಿ" ಎಂದು ಬರೆದಿದ್ದರು.

ಅವರ ಕಥೆ ಇಷ್ಟು. ಚಾಮರಾಜನಗರದ ಕಡೆಯವರು. ಇಪ್ಪತ್ತನಾಲ್ಕು ವರ್ಷದ ಹಿಂದೆ ಗಂಡ ಹೆಂಡತಿ ಇಬ್ಬರೂ ದಿಂಬಂ ಘಟ್ಟ ಇಳಿದು ತಿರುಪ್ಪೂರಿನ ಬನಿಯನ್ ಕಂಪನಿಗೆ ಕೆಲಸಕ್ಕೆ ಬಂದರು. ಒಂದು ಕೋಣೆಯ ಬಾಡಿಗೆ ಮನೆಗಳಲ್ಲಿ ಮಕ್ಕಳನ್ನು ಬೆಳೆಸಿ, ಕಡೆಗೆ ಪಲ್ಲಡಂ ಹತ್ತಿರ ಸೈಟು ಕೊಂಡು ಸ್ವಂತ ಮನೆ ಕಟ್ಟಿದರು. ಊರಿನಲ್ಲಿ ಒಬ್ಬರೇ ಉಳಿದಿದ್ದ ಮಾವನವರನ್ನು ಕರೆತಂದರು. ಬದುಕಿಡೀ ಹೊಲದ ಮಣ್ಣಿನ ಮೇಲೆ ಬರಿಗಾಲಲ್ಲಿ ನಡೆದವರು ಅವರು. ಅವರಿಗಾಗಿಯೇ ಮನೆ ಮುಂದೆ ಹದಿನೈದು ಅಡಿ ಉದ್ದ, ಹದಿನೈದು ಅಡಿ ಅಗಲದ ಜಾಗ ಬಿಟ್ಟು, ನರ್ಸರಿಯಿಂದ ಹುಲ್ಲಿನ ಹಾಸು ತಂದು ಹಾಕಿಸಿದರು. ದಿನಾ ಬೆಳಿಗ್ಗೆ ಮಾವನವರು ಆ ಹುಲ್ಲಿನ ಮೇಲೆ ಗೇಟಿನಿಂದ ಜಗಲಿಗೆ, ಜಗಲಿಯಿಂದ ಗೇಟಿಗೆ ನಡೆಯುತ್ತಾ ಜಪಸರದ ಐದು ರಹಸ್ಯ ಮುಗಿಸಿ ಕಾಫಿಗೆ ಬರುವುದು ವಾಡಿಕೆಯಾಯಿತು.

ಮೊದಲ ವರ್ಷ ಎಲ್ಲವೂ ಚೆಂದ. ಎರಡನೇ ವರ್ಷ ಅವರು ನಡೆಯುವ ಸಾಲಿನಲ್ಲಿ ಹುಲ್ಲು ಸತ್ತಿತು. ಬೇಸಿಗೆಯಲ್ಲಿ ನೆಲ ಬಿರಿದು, ಬಿರುಕಿನೊಳಗೆ ಅಂಗೈ ಹೋಗುವಷ್ಟಾಯಿತು. ಮರಳು ಹಾಕಿದ್ದು ಆಗ. ಮುಂದಿನ ಮಳೆಯಲ್ಲಿ ನೀರು ಇಂಗದೆ ಅಂಗಳ ಪಾಚಿಗಟ್ಟಿತು. ಒಂದು ಬೆಳಿಗ್ಗೆ ಮಾವನವರು ಜಾರಿ ಬಿದ್ದು ಮಣಿಕಟ್ಟು ಮುರಿಯಿತು. ಮಗ ಹೇಳಿದ್ದು ಒಂದೇ ಮಾತು: "ಸಾಕು ಈ ಹುಲ್ಲಿನ ಸಹವಾಸ, ಪೂರಾ ಟೈಲ್ಸ್ ಹಾಕಿಸಿಬಿಡೋಣ." ಮಾವನವರು ಏನೂ ಹೇಳಲಿಲ್ಲವಂತೆ. ಕೈಗೆ ಕಟ್ಟು ಹಾಕಿಸಿಕೊಂಡು ಒಳಗೆ ಕುಳಿತರು. ಕಟ್ಟು ಬಿಚ್ಚಿದ ಮೇಲೂ ಹೊರಗೆ ಬರಲಿಲ್ಲ. ಸೊಸೆ ಪತ್ರ ಬರೆದದ್ದು ಹುಲ್ಲಿಗಾಗಿ ಅಲ್ಲ ಎಂಬುದು ಆ ಸಾಲು ಓದಿದಾಗ ನನಗೆ ಅರ್ಥವಾಯಿತು.

ಪತ್ರದಲ್ಲೇ ಉತ್ತರ ಬರೆದು ಇನ್ನೊಂದು ತಪ್ಪು ಮಾಡುವ ಧೈರ್ಯ ಬರಲಿಲ್ಲ. ಅಕ್ಟೋಬರ್‌ನಲ್ಲಿ ಕೊಯಮತ್ತೂರು ಧರ್ಮಪ್ರಾಂತ್ಯದ ಕರುಮತ್ತಂಪಟ್ಟಿಯ ಜಪಸರ ಮಾತೆಯ ಬಸಿಲಿಕಕ್ಕೆ ಹೋಗುವುದಿತ್ತು. ಅಲ್ಲಿಂದ ಪಲ್ಲಡಂ ದೂರವಿಲ್ಲ. ಹಿಂದಿನ ರಾತ್ರಿ ಒಳ್ಳೆಯ ಮಳೆ ಬಿದ್ದಿತ್ತು. ಗೇಟು ತೆರೆದು ಎರಡು ಹೆಜ್ಜೆ ಇಟ್ಟೆ. ಚಪ್ಪಲಿಗೆ ಇನ್ನೊಂದು ಚಪ್ಪಲಿಯಷ್ಟು ಮಣ್ಣು ಅಂಟಿಕೊಂಡು ಬಂತು. ಜಗಲಿಯ ಮೇಲೆ ಕುಳಿತಿದ್ದ ಹಿರಿಯರು ಮೊದಲ ಬಾರಿಗೆ ಬಾಯಿ ತೆರೆದರು:

"ಹದ ನೋಡ್ದೆ ಎರೆಗೆ ಕಾಲಿಕ್ಬಾರ್ದು ಕನವ್ವ."

ನಾನು ಒಂದು ವರ್ಷದಿಂದ ಪುಸ್ತಕಗಳಲ್ಲಿ ಹುಡುಕಬೇಕಿದ್ದ ಮಾತು ಅದು!

ಎರೆಮಣ್ಣು ಎಂದರೆ ಏನು?

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ಕೆಂಪು ಮಣ್ಣೂ ಇದೆ, ಕಪ್ಪು ಮಣ್ಣೂ ಇದೆ. ಒಂದೇ ಊರಿನಲ್ಲಿ ರಸ್ತೆಯ ಆ ಕಡೆ ಒಂದು, ಈ ಕಡೆ ಇನ್ನೊಂದು ಇರುವುದುಂಟು. ಕಪ್ಪು ಮಣ್ಣಿಗೆ ತಮಿಳಿನಲ್ಲಿ ಕರಿಸಲ್ ಮಣ್ ಎನ್ನುತ್ತಾರೆ. ನಮ್ಮ ಎರೆ ಇದೇ. ಹತ್ತಿ ಬೆಳೆಯುವ ಮಣ್ಣು. ಕೊಯಮತ್ತೂರಿನಲ್ಲಿ 1888ರಲ್ಲಿ ಮೊದಲ ನೂಲಿನ ಗಿರಣಿ ಎದ್ದದ್ದಕ್ಕೂ, ಆಮೇಲೆ ತಿರುಪ್ಪೂರು ಬನಿಯನ್ ಪೇಟೆ ಆದದ್ದಕ್ಕೂ ಈ ಮಣ್ಣಿನ ಋಣ ಇದೆ. ಆದುದರಿಂದ ಇದನ್ನು ಕೆಟ್ಟ ಮಣ್ಣು ಎಂದು ಯಾರೂ ಬೈಯಬೇಡಿ. ಸಾರ ಇರುವ ಮಣ್ಣು. ಸ್ವಭಾವ ಮಾತ್ರ ಬೇರೆ.

ಇದರ ಕಣಗಳು ಒಂದು ಮಿಲಿಮೀಟರಿನ ಐನೂರನೇ ಒಂದು ಭಾಗಕ್ಕಿಂತಲೂ ಸಣ್ಣವು, ತೆಳುವಾದ ಹಾಳೆಗಳಂತಿರುತ್ತವೆ. ನೀರು ತಾಗಿದಾಗ ಹಾಳೆಗಳ ನಡುವೆ ಸೇರಿಕೊಂಡು ಮಣ್ಣು ಉಬ್ಬುತ್ತದೆ. ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬಿರುಕಿನೊಳಗೆ ಮೇಲಿನ ಪುಡಿಮಣ್ಣು ಉದುರಿ ಬೀಳುತ್ತದೆ, ಮುಂದಿನ ಮಳೆಗೆ ಅದೂ ಉಬ್ಬಿ ಕೆಳಗಿನದನ್ನು ಮೇಲಕ್ಕೆ ತಳ್ಳುತ್ತದೆ. ಅಂದರೆ ತನ್ನನ್ನು ತಾನೇ ನಿಧಾನವಾಗಿ ಉಳುವ ಮಣ್ಣು. ವಿಜ್ಞಾನಿಗಳು ಇದಕ್ಕೆ ವರ್ಟಿಸಾಲ್ ಎಂದು ಹೆಸರಿಟ್ಟಿದ್ದಾರೆ. ತಿರುಗಿಸು ಎಂಬ ಅರ್ಥದ ಲತೀನ್ ಪದದಿಂದ ಬಂದದ್ದು. ನಮ್ಮ ಹಳೆಯ ಗುರುಗಳಿದ್ದಿದ್ದರೆ ಆ ಪದದ ಮೇಲೆಯೇ ಒಂದು ಪ್ರಬೋಧನೆ ಮಾಡುತ್ತಿದ್ದರು.

ನಿಮ್ಮ ಅಂಗಳದ ಮಣ್ಣು ಯಾವುದು ಎಂದು ತಿಳಿಯಲು ದುಡ್ಡು ಬೇಡ. ಒಂದು ಹಿಡಿ ಮಣ್ಣನ್ನು ಚಪಾತಿ ಹಿಟ್ಟಿನಂತೆ ಕಲಸಿ, ಬೆರಳು ದಪ್ಪಕ್ಕೆ ಹೊಸೆದು ಬಳೆಯಂತೆ ಬಗ್ಗಿಸಿ. ಬಿರಿಯದೆ ಬಳೆಯಾದರೆ ಅದು ಜಿಗಟು ಮಣ್ಣು. ಇನ್ನೊಂದು ಪರೀಕ್ಷೆ ಮಕ್ಕಳಿಗೆ ಇಷ್ಟವಾಗುತ್ತದೆ. ಗಾಜಿನ ಉಪ್ಪಿನಕಾಯಿ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲೇ ತಳ ಸೇರುತ್ತದೆ. ಜಿಗಟು ಮಾತ್ರ ಮರುದಿನವೂ ನೀರಿನಲ್ಲಿ ತೇಲುತ್ತಲೇ ಇರುತ್ತದೆ. ಪಲ್ಲಡಂ ಮನೆಯ ಬಾಟಲಿ ಎರಡನೇ ದಿನವೂ ಕಾಫಿ ಬಣ್ಣದಲ್ಲೇ ಇತ್ತಂತೆ.

ಈಗ ನನ್ನ ಮರಳಿನ ಕಥೆ. ಇಂತಹ ಮಣ್ಣಿಗೆ ಅಲ್ಪಸ್ವಲ್ಪ ಮರಳು ಹಾಕಿದರೆ ಮರಳಿನ ಕಾಳುಗಳ ಸಂದಿನಲ್ಲಿ ಜಿಗಟು ತುಂಬಿಕೊಂಡು ಗಾರೆಯಾಗುತ್ತದೆ. ಗುಣ ನಿಜವಾಗಿಯೂ ಬದಲಾಗಬೇಕಾದರೆ ಮೇಲ್ಮಣ್ಣಿನಲ್ಲಿ ಅರ್ಧಕ್ಕಿಂತ ಹೆಚ್ಚು ಮರಳೇ ಇರಬೇಕು. ಕ್ರಿಕೆಟ್ ಮೈದಾನ ಮಾಡುವವರಿಗೆ ಅದು ಸರಿ, ಬನಿಯನ್ ಕಂಪನಿಯ ಸಂಬಳದಲ್ಲಿ ಮನೆ ಕಟ್ಟಿದವರಿಗಲ್ಲ. ಹುಲ್ಲು ಹಾಕಿದವರು ಇನ್ನೊಂದು ಕೆಲಸವನ್ನೂ ಮಾಡಿದ್ದರು. ಕಪ್ಪು ಮಣ್ಣಿನ ಮೇಲೆ ನಾಲ್ಕು ಅಂಗುಲ ಕೆಂಪು ಮಣ್ಣು ಹರಡಿ ಅದರ ಮೇಲೆ ಹಾಸು ಕೂರಿಸಿದ್ದರು. ಮೇಲಿನಿಂದ ಇಳಿದ ನೀರು ಎರೆಯ ತಲೆಯ ಮೇಲೆ ತಟ್ಟೆಯಲ್ಲಿ ನಿಂತಂತೆ ನಿಲ್ಲುತ್ತದೆ, ಬೇರು ಅಷ್ಟಕ್ಕೇ ನಿಂತುಬಿಡುತ್ತದೆ. ಬೇಸಿಗೆ ಬಂದಾಗ ಆ ನಾಲ್ಕು ಅಂಗುಲ ಒಂದೇ ವಾರದಲ್ಲಿ ಒಣಗುತ್ತದೆ. ಕೆಂಪು ಮಣ್ಣು ತಂದೇ ತಂದಿರಿ ಎಂದಾದರೆ ಅದನ್ನು ಕೆಳಗಿನ ಮಣ್ಣಿನೊಂದಿಗೆ ಅಗೆದು ಬೆರೆಸಿ, ಪದರವಾಗಿ ಬಿಡಬೇಡಿ.

ಹದ

ಚಾಮರಾಜನಗರದ ಎರೆಹೊಲದಲ್ಲಿ ಐವತ್ತು ವರ್ಷ ಗೇಯ್ದ ಆ ಹಿರಿಯರಿಗೆ ಇದೆಲ್ಲ ಗೊತ್ತಿತ್ತು. ಮಳೆ ನಿಂತ ಕೂಡಲೇ ಎರೆಹೊಲಕ್ಕೆ ಯಾರೂ ಎತ್ತು ಇಳಿಸುವುದಿಲ್ಲ. ತೀರಾ ಒಣಗಿದ ಮೇಲೂ ಇಳಿಸುವುದಿಲ್ಲ, ನೇಗಿಲು ಮುರಿಯುತ್ತದೆ. ನಡುವಿನ ಎರಡು ಮೂರು ದಿನ ಹದ. ಆಗ ಮಾತ್ರ ಕೆಲಸ. "ಹಾಗಿದ್ದರೆ ಇಲ್ಲಿ ಯಾಕೆ ಹೇಳಲಿಲ್ಲ ತಾತ?" ಎಂದು ಕೇಳಿದೆ. "ಇದು ಲಾನು ಅಲ್ವರಾ, ಹೊಲ ಅಂದ್ಕಂಡಿರ್ನಿಲ್ಲ" ಎಂದರು. ಪೇಟೆಯಿಂದ ದುಡ್ಡು ಕೊಟ್ಟು ತಂದ ಹುಲ್ಲಿಗೆ ತನ್ನ ಬುದ್ಧಿ ಹಿಡಿಯುವುದಿಲ್ಲ ಎಂದು ಅವರು ಸುಮ್ಮನಿದ್ದರು.

ಹಸಿಯಾದ ಎರೆಯನ್ನು ತುಳಿದರೆ ಕಣಗಳ ನಡುವಿನ ಗಾಳಿಯ ಸಂದುಗಳು ಮುಚ್ಚಿಹೋಗುತ್ತವೆ. ಒಂದು ಸಲ ಮುಚ್ಚಿದರೆ ಒಂದು ಮಳೆಗಾಲ ಪೂರ್ತಿ ಅದರ ಶಿಕ್ಷೆ. ನೀರು ಇಳಿಯದು, ಬೇರು ಉಸಿರಾಡದು. ತುಳಿಯದ ಜಾಗದಲ್ಲೇ ನೆನೆದ ಜಿಗಟು ಮಣ್ಣು ಗಂಟೆಗೆ ಒಂದರಿಂದ ಐದು ಮಿಲಿಮೀಟರ್ ನೀರನ್ನಷ್ಟೇ ಹೀರುತ್ತದೆ, ತುಳಿದ ದಾರಿಯಲ್ಲಿ ಅದೂ ಇಲ್ಲ. ಯೇಸುಸ್ವಾಮಿ ಹೇಳಿದ ಬಿತ್ತುವವನ ಸಾಮತಿ ಎಲ್ಲರಿಗೂ ಗೊತ್ತು. ಸಂತ ಲೂಕನ ಶುಭಸಂದೇಶದಲ್ಲಿ ಕಾಲುದಾರಿಯ ಮೇಲೆ ಬಿದ್ದ ಬೀಜ ತುಳಿತಕ್ಕೆ ಸಿಕ್ಕಿತು ಎಂಬ ಮಾತೂ ಬರುತ್ತದೆ. ಹೊಲದ ನಡುವಿನ ಕಾಲುದಾರಿಯ ಮಣ್ಣು ಪಕ್ಕದ ಹೊಲದ ಮಣ್ಣೇ. ತುಳಿದು ತುಳಿದು ಹಾಗಾದದ್ದು ಅಷ್ಟೇ.

ಪಲ್ಲಡಂ ಅಂಗಳದಲ್ಲೂ ಹುಲ್ಲು ಸತ್ತದ್ದು ಅದೇ ಒಂದೂವರೆ ಅಡಿ ಅಗಲದ ಸಾಲಿನಲ್ಲಿ. ಅದು ಅವರ ಜಪಸರದ ದಾರಿ. ಈ ಮಾತನ್ನು ಅವರ ಮುಂದೆ ಹೇಳಲು ನನಗೆ ನಾಲಿಗೆ ಏಳಲಿಲ್ಲ. ಅವರೇ ಹೇಳಿಬಿಟ್ಟರು, "ನಾನೇ ತುಳ್ದು ಸಾಯ್ಸಿವ್ನಿ."

ಹದ ನೋಡುವ ಬಗೆ ಹೀಗೆ. ಎರಡು ಅಂಗುಲ ಕೆಳಗಿನ ಮಣ್ಣು ಒಂದು ಹಿಡಿ ತೆಗೆದು ಉಂಡೆ ಕಟ್ಟಿ, ಸೊಂಟದೆತ್ತರದಿಂದ ಬೀಳಬಿಡಿ. ಉಂಡೆ ಚಪ್ಪಟೆಯಾಗಿ ಅಂಟಿಕೊಂಡರೆ ಇನ್ನೂ ಹಸಿ, ಇಳಿಯಬೇಡಿ. ಪುಡಿಪುಡಿಯಾಗಿ ಒಡೆದರೆ ಹದ. ಉಂಡೆಯೇ ಕಟ್ಟದಿದ್ದರೆ ಒಣಗಿದೆ ಎಂದರ್ಥ, ಆಗ ನಡೆಯಬಹುದು, ಅಗೆಯಲಾಗದು. ಅಗೆಯುವುದು, ರಂಧ್ರ ಹಾಕುವುದು, ಹುಲ್ಲು ನೆಡುವುದು, ಕತ್ತರಿಸುವ ಯಂತ್ರ ಓಡಿಸುವುದು ಎಲ್ಲಕ್ಕೂ ಇದೊಂದೇ ಪಂಚಾಂಗ.

ಟೈಲ್ಸ್ ಹಾಕಬಹುದೇ?

ಮಗನ ಮಾತನ್ನೂ ತಳ್ಳಿಹಾಕುವಂತಿಲ್ಲ. ವಯಸ್ಸಾದ ತಂದೆ ಬಿದ್ದು ಕೈ ಮುರಿದುಕೊಂಡಾಗ ಯಾವ ಮಗನಿಗಾದರೂ ಹುಲ್ಲು ಮುಖ್ಯ ಎನಿಸುವುದಿಲ್ಲ. ಆದರೆ ಎರೆಯ ಮೇಲೆ ನೇರವಾಗಿ ಟೈಲ್ಸ್ ಕೂರಿಸಿದರೆ ಎರಡು ಮಳೆಗಾಲದಲ್ಲಿ ಅಲ್ಲೊಂದು ಎದ್ದು ಇಲ್ಲೊಂದು ಕುಸಿದು, ಎಡವುವುದಕ್ಕೆ ಇನ್ನೊಂದು ದಾರಿಯಾಗುತ್ತದೆ. ನಯವಾದ ಟೈಲ್ಸ್ ಒದ್ದೆಯಾದರೆ ಪಾಚಿಗಿಂತ ಕಡಿಮೆಯೇನೂ ಜಾರುವುದಿಲ್ಲ.

ನಾವು ಮಾಡಿದ್ದು ಇಷ್ಟೇ. ಅವರು ನಡೆಯುತ್ತಿದ್ದ ಆ ಸತ್ತ ಸಾಲನ್ನೇ ದಾರಿಯಾಗಿ ಒಪ್ಪಿಕೊಂಡೆವು. ಎರಡೂವರೆ ಅಡಿ ಅಗಲಕ್ಕೆ ಅರ್ಧ ಅಡಿ ಮಣ್ಣು ತೆಗೆದು, ಜಲ್ಲಿ ತುಂಬಿ ಧಮ್ಮಸ್ ಮಾಡಿ, ಮೇಲೆ ಜಲ್ಲಿಪುಡಿ ಹಾಕಿ, ಒರಟು ಮೈಯ ಕಲ್ಲು ಚಪ್ಪಡಿಗಳನ್ನು ಸಿಮೆಂಟ್ ಇಲ್ಲದೆ ಕೂರಿಸಬೇಕು. ಎದ್ದರೆ ಕುಸಿದರೆ ಒಂದೊಂದನ್ನೇ ಎತ್ತಿ ಸರಿಮಾಡಬಹುದು. ಒಂದು ಬದಿಗೆ ಹಿಡಿದುಕೊಳ್ಳಲು ಕಬ್ಬಿಣದ ಪೈಪು. ಇದಕ್ಕೆ ಮಗ ಒಪ್ಪಿದರು. ತಂದೆ ಒಪ್ಪಲಿಲ್ಲ. "ಕಲ್ಲಿನ್ ಮೇಲೆ ನಡೆಯಾಕೆ ಊರು ಬುಟ್ಟು ಬರ್ಬೇಕಾಗಿತ್ತಾ?" ಎಂದರು. ಕಡೆಗೆ ಮಳೆಯ ದಿನ ಕಲ್ಲು, ಹದ ಬಂದ ದಿನ ಹುಲ್ಲು, ಅದೂ ದಿನಕ್ಕೊಂದು ಸಾಲಿನಲ್ಲಿ ಎಂದು ಒಪ್ಪಂದವಾಯಿತು.

ಇಳಿಜಾರು ನೋಡದೆ ಬೇರೇನು ಮಾಡಿದರೂ ವ್ಯರ್ಥ. ಆ ಕಡೆ ವರ್ಷದ ಮಳೆ ಸುಮಾರು 600ರಿಂದ 700 ಮಿಲಿಮೀಟರ್, ನಮ್ಮ ಕರಾವಳಿಯ ಒಂದು ತಿಂಗಳ ಮಳೆಗೂ ಸಾಲದು. ಆದರೆ ಅದರಲ್ಲಿ ಹೆಚ್ಚು ಪಾಲು ಅಕ್ಟೋಬರ್, ನವೆಂಬರಿನ ಹಿಂಗಾರಿನಲ್ಲಿ, ಕೆಲವೇ ಜೋರು ಮಳೆಗಳಲ್ಲಿ ಬಿದ್ದುಹೋಗುತ್ತದೆ. ಗಂಟೆಗೆ ಐದು ಮಿಲಿಮೀಟರ್ ಕುಡಿಯುವ ಮಣ್ಣು ಮೂವತ್ತು ಮಿಲಿಮೀಟರ್ ಮಳೆಯನ್ನು ಏನು ಮಾಡೀತು? ಮನೆಯಿಂದ ಹೊರಕ್ಕೆ ಹತ್ತು ಅಡಿಗೆ ಎರಡು ಅಂಗುಲ ಇಳಿಜಾರು ಕೊಟ್ಟು, ಕೊನೆಯಲ್ಲಿ ಒಂದು ಗೇಣು ಆಳದ ಚರಂಡಿ ತೆಗೆದು, ಆ ನೀರನ್ನು ತೆಂಗಿನ ಬುಡಕ್ಕೋ ಇಂಗುಗುಂಡಿಗೋ ಬಿಡಿ.

ಇದರ ಜೊತೆಗೆ ಒಂದು ಎಚ್ಚರಿಕೆ. ಆ ಮನೆಯ ಜಗಲಿಯ ಮೂಲೆಯಲ್ಲಿ ಓರೆಯಾದ ಬಿರುಕೊಂದನ್ನು ಕಂಡೆ. ಹುಲ್ಲುಹಾಸು ಗೋಡೆಯ ಬುಡಕ್ಕೇ ತಾಗಿಕೊಂಡಿತ್ತು, ಪೈಪು ದಿನಾ ಅಲ್ಲೇ ಹರಿಯುತ್ತಿತ್ತು. ಗೋಡೆಯ ಒಂದು ಬದಿಯ ಎರೆ ನೆನೆದು ಉಬ್ಬಿ, ಇನ್ನೊಂದು ಬದಿ ಒಣಗಿ ಕುಗ್ಗಿದರೆ ಅಡಿಪಾಯವೇ ಅಲುಗಾಡುತ್ತದೆ. ಇದೇ ಕಾರಣಕ್ಕೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಎರೆಮಣ್ಣಿಗೆಂದೇ, ತುದಿ ಗಂಟೆಯಂತೆ ಅಗಲವಾದ ಕಂಬಗಳ ಅಡಿಪಾಯವನ್ನು ರೂಪಿಸಿದರು. ಮಣ್ಣಿನ ಉಬ್ಬರ ಇಳಿತ ತಾಗದ ಆಳಕ್ಕೆ ಆ ಕಂಬಗಳು ಇಳಿಯುತ್ತವೆ. ಸಾಧಾರಣ ಕಲ್ಲಿನ ತಳಪಾಯದ ಮನೆಯವರು ಗೋಡೆಯಿಂದ ಮೂರು ಅಡಿಯಾದರೂ ಹುಲ್ಲು ಬಿಟ್ಟು, ಅಷ್ಟು ಜಾಗಕ್ಕೆ ಹೊರಕ್ಕೆ ಇಳಿಜಾರಾದ ಸಿಮೆಂಟ್ ಪಟ್ಟಿ ಹಾಕಿಸಿ. ಬಿರುಕಿನ ಎರಡೂ ಬದಿಗೆ ಪೆನ್ಸಿಲಿನಲ್ಲಿ ಗುರುತು ಮಾಡಿ ತಾರೀಕು ಬರೆದಿಡಿ. ಅಗಲವಾಗುತ್ತಾ ಹೋದರೆ ಎಂಜಿನಿಯರಿಗೆ ತೋರಿಸಿ. ಅದು ತೋಟದ ಅಂಕಣದ ಕೆಲಸವಲ್ಲ.

ಮಣ್ಣಿಗೆ ಏನು ಹಾಕಬೇಕು?

ಮರಳಲ್ಲ, ಗೊಬ್ಬರ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವೋ ಎರೆಹುಳು ಗೊಬ್ಬರವೋ ಜರಡಿ ಹಿಡಿದದ್ದು. ಹದ ಇರುವಾಗ ಹಾರೆಯನ್ನು ಅರ್ಧ ಅಡಿಗೆ ಒಂದರಂತೆ ನಾಲ್ಕು ಅಂಗುಲ ಆಳಕ್ಕೆ ಕುಕ್ಕಿ, ಸ್ವಲ್ಪ ಅಲುಗಾಡಿಸಿ ತೆಗೆಯಿರಿ. ಆ ರಂಧ್ರಗಳಿಗೆ ಗೊಬ್ಬರ ಗುಡಿಸಿ ತುಂಬಿ, ಮೇಲೆ ಕಾಲು ಅಂಗುಲ ಹರಡಿ. ಹುಲ್ಲಿನ ತುದಿ ಕಾಣುತ್ತಿರಬೇಕು, ಮುಚ್ಚಿಹೋಗಬಾರದು. ವರ್ಷಕ್ಕೆ ಎರಡು ಸಲ, ಬೇಸಿಗೆ ಮಳೆಯ ನಂತರ ಒಮ್ಮೆ, ಸೆಪ್ಟೆಂಬರಿನಲ್ಲಿ ಒಮ್ಮೆ. ಬೇಸಿಗೆಯ ಬಿರುಕುಗಳಿಗೂ ಇದನ್ನೇ ತುಂಬಿ. ಅವನ್ನು ಸಿಮೆಂಟಿನಿಂದ ಮುಚ್ಚಿದವರನ್ನೂ ಕಂಡಿದ್ದೇನೆ! ಮಣ್ಣು ತಾನಾಗಿ ಬಾಯಿ ತೆರೆದಾಗ ಊಟ ಹಾಕಬೇಕು. ಮೂರು ನಾಲ್ಕು ವರ್ಷ ಹೀಗೆ ಮಾಡಿದರೆ ಮೇಲಿನ ಗೇಣು ಮಣ್ಣು ಕಾಳುಕಾಳಾಗುತ್ತದೆ. ಅದಕ್ಕಿಂತ ಬೇಗ ಆಗುತ್ತದೆ ಎನ್ನುವವರನ್ನು ನಂಬಬೇಡಿ.

ಪೊಳ್ಳಾಚಿಯ ಕಡೆ ತೆಂಗಿನ ನಾರಿನ ಕಾರ್ಖಾನೆಗಳು ಬಹಳ. ಅಲ್ಲಿಯ ನಾರುಪುಡಿ ಅಗ್ಗವಾಗಿ ಸಿಗುತ್ತದೆ ಎಂದು ಹಸಿಯದನ್ನೇ ತಂದು ಸುರಿಯುವವರಿದ್ದಾರೆ. ಅದು ಬೇಗ ಕೊಳೆಯುವುದಿಲ್ಲ, ಕೊಳೆಯುವಾಗ ಹುಲ್ಲಿಗೆ ಸಿಗಬೇಕಾದ ಸಾರಜನಕವನ್ನೂ ತಾನೇ ನುಂಗುತ್ತದೆ. ಅಣಬೆ ಬೀಜ ಬೆರೆಸಿ ಅದನ್ನು ಗೊಬ್ಬರ ಮಾಡುವ ಕ್ರಮವನ್ನು ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದವರು ತಿಳಿಸಿಕೊಟ್ಟಿದ್ದಾರೆ. ಹಾಗೆ ಕಳಿತದ್ದನ್ನೇ ಕೇಳಿ ತನ್ನಿ.

ಜಿಪ್ಸಂ ಹಾಕಿ ಎಂದು ಅಂಗಡಿಯವರು ಹೇಳುತ್ತಾರೆ. ಮಣ್ಣಿನಲ್ಲಿ ಸೋಡಿಯಂ ಹೆಚ್ಚಾಗಿ ಚೌಳಾಗಿದ್ದರೆ ಜಿಪ್ಸಂ ಒಳ್ಳೆಯ ಮದ್ದು. ಅದರಲ್ಲಿರುವ ಕ್ಯಾಲ್ಸಿಯಂ ಸೋಡಿಯಂನ ಜಾಗಕ್ಕೆ ಕುಳಿತು ಮಣ್ಣನ್ನು ಸಡಿಲಿಸುತ್ತದೆ. ಸೋಡಿಯಂ ಇಲ್ಲದ ಮಾಮೂಲಿ ಎರೆಯಲ್ಲಿ ಸುಣ್ಣದ ಅಂಶ ಮೊದಲೇ ಬೇಕಾದಷ್ಟಿದೆ, ಅಲ್ಲಿ ಜಿಪ್ಸಂ ಹಾಕಿ ಪ್ರಯೋಜನ ಕಡಿಮೆ. ಆದ್ದರಿಂದ ಮೊದಲು ಮಣ್ಣು ಪರೀಕ್ಷೆ. ಬೋರ್‌ವೆಲ್ ನೀರನ್ನೂ ಜೊತೆಗೇ ಕೊಡಿ. ನೊಯ್ಯಲ್ ನದಿಯ ಬದಿಯ ಊರಿನವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಬಣ್ಣದ ಕಾರ್ಖಾನೆಗಳ ನೀರು ವರ್ಷಾನುಗಟ್ಟಲೆ ಹರಿದು ಅಲ್ಲಿಯ ಅಂತರ್ಜಲ ಉಪ್ಪಾಯಿತು. 2011ರಲ್ಲಿ ಮದ್ರಾಸ್ ಹೈಕೋರ್ಟು ಆ ಘಟಕಗಳನ್ನು ಮುಚ್ಚಿಸುವಷ್ಟರ ಮಟ್ಟಿಗೆ ಹೋಯಿತು.

ಹುಲ್ಲಿನ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಸುಣ್ಣ ಹೆಚ್ಚಿರುವ ಮಣ್ಣಿನಲ್ಲಿ ಇದು ಸಾಮಾನ್ಯ. ಒಂದು ಲೀಟರ್ ನೀರಿಗೆ ಐದು ಗ್ರಾಂ ಅನ್ನಭೇದಿ, ಒಂದು ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಹೊತ್ತು ಸಿಂಪಡಿಸಿ. ಜಗಲಿಯ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಜೋಕೆ.

ಯಾವ ಹುಲ್ಲು, ಎಷ್ಟು ನೀರು?

ನರ್ಸರಿಯಿಂದ ತಂದದ್ದು ಕೊರಿಯನ್ ಹುಲ್ಲು. ನೋಡಲು ರತ್ನಗಂಬಳಿ. ಆದರೆ ಬಹಳ ನಿಧಾನ, ಒಂದು ಕಡೆ ಸತ್ತರೆ ಮುಚ್ಚಿಕೊಳ್ಳಲು ತಿಂಗಳುಗಳು ಬೇಕು. ಅದೇ ಅಂಗಳದ ಬೇಲಿಯ ಅಂಚಿನಲ್ಲಿ, ಯಾರೂ ನೆಡದೆ, ನೀರು ಹಾಕದೆ ಗರಿಕೆ ದಟ್ಟವಾಗಿ ಹಬ್ಬಿತ್ತು! ಸೊಸೆ ಅದನ್ನು ವಾರಕ್ಕೊಮ್ಮೆ ಕಿತ್ತು ಎಸೆಯುತ್ತಿದ್ದರಂತೆ, ಒಳ್ಳೆಯ ಹುಲ್ಲಿನ ಮೇಲೆ ಬರದಿರಲಿ ಎಂದು. ತಮಿಳಿನವರು ಅರುಗಂಪುಲ್ ಎಂದು ಕರೆದು ರಸ ಹಿಂಡಿ ಕುಡಿಯುವುದೂ ಇದನ್ನೇ. ಎರೆಯ ಉಬ್ಬರ ಇಳಿತಕ್ಕೆ ಅದರ ಬೇರು ಹೊಂದಿಕೊಂಡಿದೆ, ಉಪ್ಪುನೀರನ್ನು ಬೇರೆ ಹುಲ್ಲುಗಳಿಗಿಂತ ಚೆನ್ನಾಗಿ ತಾಳುತ್ತದೆ, ತುಳಿದರೆ ಬೇಗ ಚೇತರಿಸುತ್ತದೆ. ಬೇಕಾದದ್ದು ಬಿಸಿಲು ಮಾತ್ರ. ಮರದ ನೆರಳಿನಲ್ಲಿ ಗರಿಕೆ ಬಾರದು, ಅಲ್ಲಿಗೆ ಅಗಲ ಎಲೆಯ ಬಫೆಲೋ ಹುಲ್ಲು ಸರಿ. ಎರಡು ಮೂರು ಗಿಣ್ಣಿರುವ ಗರಿಕೆಯ ತುಂಡುಗಳನ್ನು ಹದವಾದ ಮಣ್ಣಿಗೆ ನಾಲ್ಕು ಅಂಗುಲಕ್ಕೊಂದರಂತೆ ನೆಟ್ಟರೆ ಸಾಕು, ಖರ್ಚಿಲ್ಲ. ಒಂದೂವರೆ ಅಂಗುಲ ಎತ್ತರಕ್ಕೆ ಕತ್ತರಿಸಿ, ಬೇಸಿಗೆಯಲ್ಲಿ ಎರಡು ಅಂಗುಲ ಇರಲಿ. ಜೇಕು ಎದ್ದ ಕಡೆ ನೀರು ನಿಲ್ಲುತ್ತಿದೆ ಎಂದು ತಿಳಿಯಿರಿ. ಗಡ್ಡೆ ಸಮೇತ ಅಗೆಯುವುದರ ಜೊತೆಗೆ ಆ ತಗ್ಗನ್ನೂ ತುಂಬಬೇಕು.

ನೀರಿನ ಮಾತು ಬಂದಾಗ ನನ್ನ ಮನಸ್ಸಿಗೆ ಸ್ವಲ್ಪ ಕಸಿವಿಸಿಯಾಗುತ್ತದೆ. ಹದಿನೈದಕ್ಕೆ ಹದಿನೈದು ಅಡಿಯೆಂದರೆ ಸುಮಾರು ಇಪ್ಪತ್ತೊಂದು ಚದರ ಮೀಟರ್. ಹಚ್ಚಹಸಿರಾಗಿ ಇರಬೇಕೆಂದು ಬೇಸಿಗೆಯಲ್ಲಿ ವಾರಕ್ಕೆ 25 ಮಿಲಿಮೀಟರ್ ನೀರು ಕೊಟ್ಟರೆ 525 ಲೀಟರ್, ಅಂದರೆ ಹದಿನೈದು ಲೀಟರಿನ ಮೂವತ್ತೈದು ಕೊಡ. 2016ರ ಹಿಂಗಾರು ಕೈಕೊಟ್ಟು, 2017ರ ಜನವರಿಯಲ್ಲಿ ತಮಿಳುನಾಡು ಸರ್ಕಾರ ಎಲ್ಲ ಜಿಲ್ಲೆಗಳನ್ನೂ ಬರಪೀಡಿತ ಎಂದು ಘೋಷಿಸಿದ್ದನ್ನು ಆ ಭಾಗದ ಯಾರೂ ಮರೆತಿಲ್ಲ. ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ ಹೊರಡಿಸಿದ 'ಲೌದಾತೊ ಸೀ' ವಿಶ್ವಪತ್ರದಲ್ಲಿ ಕುಡಿಯುವ ನೀರು ಪ್ರತಿಯೊಬ್ಬ ಮನುಷ್ಯನ ಮೂಲಭೂತ ಹಕ್ಕು ಎಂದಿದ್ದಾರೆ. ಪಕ್ಕದ ಬೀದಿಯವರು ಲಾರಿ ನೀರಿಗೆ ಸಾಲು ನಿಂತಿರುವಾಗ ನಾವು ಪೈಪು ಹಿಡಿದು ನಿಲ್ಲುವುದು ನನಗಂತೂ ಸರಿಕಾಣದು. ಗರಿಕೆಯನ್ನು ಬೇಸಿಗೆಯಲ್ಲಿ ಒಣಗಲು ಬಿಟ್ಟುಬಿಡಿ. ಅದು ಸಾಯುವುದಿಲ್ಲ, ಕಂದು ಬಣ್ಣಕ್ಕೆ ತಿರುಗಿ ಮಲಗುತ್ತದೆ. ಮೇ ತಿಂಗಳ ಮೊದಲ ಮಳೆಗೆ ಏಳುತ್ತದೆ. ಗೋಡೆಯಿಂದ ದೂರ ಇರುವ ಜಾಗ ತೀರಾ ಬಿರಿಯದಂತೆ ಹತ್ತು ಹದಿನೈದು ದಿನಕ್ಕೊಮ್ಮೆ ಕೊಟ್ಟರೆ ಸಾಕು. ಹಾಗೆ ಕೊಡುವಾಗ ನೀರು ಹರಿಯಲು ಶುರುವಾದ ಕೂಡಲೇ ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಕೊಡಿ.

ನೀರು ಉಳಿಸಬೇಕೆಂದು ಆ ತಾಯಿ ಇನ್ನೊಂದು ಉಪಾಯ ಮಾಡಿದ್ದರು. ವಾಷಿಂಗ್ ಮಷೀನಿನ ನೀರನ್ನೆಲ್ಲ ಲಾನಿಗೆ ಬಿಡುತ್ತಿದ್ದರು. ಉದ್ದೇಶ ಒಳ್ಳೆಯದೇ. ಆದರೆ ಸೋಪಿನ ಪುಡಿಯಲ್ಲಿರುವುದು ಸೋಡಿಯಂ. ಎರೆಮಣ್ಣನ್ನು ಅಂಟಂಟಾಗಿಸಿ ಗಟ್ಟಿ ಮಾಡುವುದು ಅದೇ. ಸುಮಾರು ಎರಡು ವರ್ಷ ಆ ನೀರು ಕುಡಿದ ಮೂಲೆಯೇ ಎಲ್ಲಕ್ಕಿಂತ ಕೆಟ್ಟಿತ್ತು. ನನ್ನ ಮರಳಿನ ಪಾಪದಲ್ಲಿ ಪಾಲುದಾರರು ಸಿಕ್ಕರು ಎಂದು ಇಬ್ಬರೂ ನಕ್ಕೆವು. ಕೊನೆಯ ಸಲ ಜಾಲಾಡಿದ ನೀರು, ಅಕ್ಕಿ ತರಕಾರಿ ತೊಳೆದ ನೀರು ಪರವಾಗಿಲ್ಲ. ನೀರು ಶುದ್ಧಿ ಮಾಡುವ ಆರ್‌ಓ ಯಂತ್ರದಿಂದ ಹೊರಬರುವ ನೀರು ಉಪ್ಪು, ಅದನ್ನು ನೆಲ ಒರೆಸಲು ಬಳಸಿ.

ಜನವರಿಯಲ್ಲಿ ಫೋನ್ ಮಾಡಿದ್ದೆ. ಕಲ್ಲಿನ ದಾರಿ ಮುಗಿದಿದೆ, ಪೈಪೂ ಹಾಕಿಸಿದ್ದಾರೆ. ಮರಳು ಗಟ್ಟಿಯಾದ ಜಾಗವನ್ನು ಒಡೆದು ಗೊಬ್ಬರ ತುಂಬಿ ಗರಿಕೆ ನೆಟ್ಟಿದ್ದಾರೆ, ಅರ್ಧದಷ್ಟು ಹಿಡಿದಿದೆ. ಸೋಪಿನ ನೀರಿನ ಮೂಲೆ ಇನ್ನೂ ಬೋಳು, ಮಣ್ಣು ಪರೀಕ್ಷೆಯ ಚೀಟಿ ಬಂದ ಮೇಲೆ ಜಿಪ್ಸಂ ಹಾಕುವುದಿದೆ. ಜಗಲಿಯ ಬಿರುಕು ಪೆನ್ಸಿಲ್ ಗುರುತು ದಾಟಿಲ್ಲ. "ಮಾವ ಹೊರಗೆ ಬರ್ತಾರಾ?" ಎಂದು ಕೇಳಿದೆ. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ ಬೀಳಬಿಟ್ಟು ನೋಡಿ, ಒಳಗಿದ್ದವರಿಗೆಲ್ಲ ಕೇಳುವಂತೆ "ಇವತ್ತು ಕಲ್ಲು" ಎಂದೋ "ಇವತ್ತು ಹುಲ್ಲು" ಎಂದೋ ಕೂಗಿ ಹೇಳಿ, ಆಮೇಲೆ ಜಪಸರ ಕೈಗೆ ತೆಗೆದುಕೊಳ್ಳುತ್ತಾರಂತೆ.

(ಮುಂದಿನ ತಿಂಗಳು: ಕುಂಡದಲ್ಲಿ ಕರಿಬೇವು ಏಕೆ ಏಳುವುದಿಲ್ಲ?)